ಕಪ್ಪು ತಾಯಂದಿರನ್ನು ಕಳೆದರೆ ಲೆಕ್ಕ ಸರಿಯಿದೆ!

ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ಬಾಣಂತಿಯರ ಸಾವು ಯಾಕಿಷ್ಟು ಎಂಬ ಪ್ರಶ್ನೆಗೆ ಅಲ್ಲಿನ ಸೆನೆಟರ್ ಬಿಲ್ ಕ್ಯಾಸಿಡಿ 2022ರ ಮೇ ತಿಂಗಳಲ್ಲಿ ಒಂದು ಸಂದರ್ಶನದಲ್ಲಿ ಉತ್ತರ ಕೊಟ್ಟರು. ಕ್ಯಾಸಿಡಿ ಬರೀ ರಾಜಕಾರಣಿಯಲ್ಲ, ಡಾಕ್ಟರಿಕೆ ಓದಿದವರು, ರೋಗಿಗಳ ನಾಡಿ ಹಿಡಿದವರು. ಅವರು ಹೇಳಿದ್ದರ ಸಾರಾಂಶ ಇಷ್ಟು: ನಮ್ಮ ಜನಸಂಖ್ಯೆಯಲ್ಲಿ ಸುಮಾರು ಮೂರನೇ ಒಂದು ಪಾಲು ಆಫ್ರಿಕನ್ ಅಮೆರಿಕನ್ನರು. ಅವರಲ್ಲಿ ಬಾಣಂತಿ ಸಾವು ಜಾಸ್ತಿ. ಜನಾಂಗದ ಲೆಕ್ಕ ಸರಿಪಡಿಸಿಕೊಂಡು ನೋಡಿದರೆ ನಮ್ಮ ರಾಜ್ಯ ಕಾಣುವಷ್ಟು ಕೆಟ್ಟದ್ದೇನಲ್ಲ. ಸಮಸ್ಯೆಯನ್ನು ಚಿಕ್ಕದು ಮಾಡಲು ಈ ಮಾತು ಹೇಳುತ್ತಿಲ್ಲ ಎಂದೂ ಸೇರಿಸಿದರು. ಅದರ ಬೆನ್ನಿಗೇ, ಅದೇನು ಕಾರಣವೋ, ಆ ಜನರಲ್ಲಿ ಸಾವು ಹೆಚ್ಚು ಎಂದು ಮಾತು ಮುಗಿಸಿದರು.

ಆಹಾ, ಎಂಥ ಲೆಕ್ಕ! ಸಾಯುವವರನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ಸಾವು ಕಡಿಮೆ ಎಂಬ ಈ ಸೂತ್ರ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲವಲ್ಲ! ಆದರೆ ಲೆಕ್ಕ ಅಂದಮೇಲೆ ಅರ್ಧಕ್ಕೆ ಬಿಡಬಾರದು. ಲೂಯಿಸಿಯಾನಾದ ಕಬ್ಬಿನ ಗದ್ದೆಗಳ ಚರಿತ್ರೆಯಿಂದಲೂ ಕಪ್ಪು ಜನರನ್ನು ಕಳೆಯಿರಿ, ಸಕ್ಕರೆ ವ್ಯಾಪಾರ ಮಾಡಿ ಮಹಲು ಕಟ್ಟಿಸಿದವರ ವಂಶವೃಕ್ಷಗಳೆಲ್ಲ ಬೇರು ಸಮೇತ ಬೀಳುತ್ತವೆ. ನ್ಯೂ ಆರ್ಲಿಯನ್ಸ್‌ನಿಂದ ಕಳೆಯಿರಿ, ಜಾಝ್ ಇಲ್ಲ, ಲೂಯಿ ಆರ್ಮ್‌ಸ್ಟ್ರಾಂಗ್ ಇಲ್ಲ, ಅವನ ಊರು ನೋಡಲು ಬರುವ ಪ್ರವಾಸಿಗರೂ ಇಲ್ಲ. ಇನ್ನು ತೆರಿಗೆಯ ಲೆಕ್ಕದಿಂದ ಕಳೆಯಿರಿ ಅಂದರೆ ಸೆನೆಟರ್ ಸಾಹೇಬರೇ ಎದ್ದು ನಿಂತಾರು. ದುಡಿಮೆಯ ಲೆಕ್ಕಕ್ಕೆ ಬೇಕು, ಹಾಡಿಗೆ ಬೇಕು, ಓಟಕ್ಕೆ ಬೇಕು. ಸತ್ತರೆ ಮಾತ್ರ ರಾಜ್ಯದ ಹೆಸರು ಕೆಡುತ್ತದೆ.

ಹಾಗಾದರೆ ಕಳೆಯದೇ ಇದ್ದರೆ ಲೆಕ್ಕ ಹೇಗಿರುತ್ತದೆ? ಅಮೆರಿಕ ಸರ್ಕಾರದ್ದೇ ಅಂಕಿ ಅಂಶ ನೋಡಿ. 2021ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ಕಪ್ಪು ತಾಯಂದಿರು 69.9, ಬಿಳಿ ತಾಯಂದಿರು 26.6. 2022ರಲ್ಲಿ 49.5 ಮತ್ತು 19. 2023ರಲ್ಲಿ ದೇಶದ ಒಟ್ಟು ಪ್ರಮಾಣ 22.3ರಿಂದ 18.6ಕ್ಕೆ ಇಳಿಯಿತು. ಆ ಇಳಿಕೆಯ ಒಳಗೆ ಕೈಹಾಕಿ ನೋಡಿದರೆ ಬಿಳಿ ತಾಯಂದಿರ ಪ್ರಮಾಣ 14.5ಕ್ಕೆ ಇಳಿದಿದೆ. ಕಪ್ಪು ತಾಯಂದಿರದ್ದು 50.3. ಅಂದರೆ ಎರಡೂವರೆ ಪಟ್ಟಿನಷ್ಟಿದ್ದ ಅಂತರ ಮೂರೂವರೆ ಪಟ್ಟಿಗೆ ಬಂತು. ದೇಶ ಸುಧಾರಿಸಿತು, ಅಂತರವೂ ಅಭಿವೃದ್ಧಿ ಹೊಂದಿತು. ದೇಶದ ಒಟ್ಟು ಉತ್ಪನ್ನದಲ್ಲಿ ಶೇ 17ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ಸುರಿಯುವ, ಬೇರೆ ಯಾವ ಶ್ರೀಮಂತ ದೇಶವೂ ಅಷ್ಟು ಸುರಿಯದ ದೇಶದ ಸಾಧನೆ ಇದು.

ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ಈ ‘ಅದೇನು ಕಾರಣವೋ’ ಎಂಬುದು ಮಾತ್ರ ಕೈಗೆ ಸಿಗುತ್ತಿಲ್ಲ. ನಾವಾದರೂ ಹುಡುಕಿಕೊಡೋಣ. ಅನುಮಾನಕ್ಕೆ ಒಳಗಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಟಕಟೆಗೆ ಕರೆಯೋಣ.

ಮೊದಲ ಆರೋಪಿ, ಅವಿದ್ಯೆ. ಓದು ಬರಹ ಇಲ್ಲದ ಹೆಂಗಸರು, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೋಗುವುದಿಲ್ಲ, ಪಾಪ ಡಾಕ್ಟರು ಏನು ಮಾಡಿಯಾರು ಎಂಬ ವಾದ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿ.ಡಿ.ಸಿ., 2019ರಲ್ಲಿ ಪ್ರಕಟಿಸಿದ ಲೆಕ್ಕ ಈ ವಾದಕ್ಕೆ ಎಳ್ಳುನೀರು ಬಿಟ್ಟಿತು. ಪದವಿ ಪಡೆದ ಕಪ್ಪು ಮಹಿಳೆ ಬಸುರು ಬಾಣಂತನಕ್ಕೆ ಸಂಬಂಧಿಸಿದ ಕಾರಣದಿಂದ ಸಾಯುವ ಪ್ರಮಾಣ, ಪದವಿ ಪಡೆದ ಬಿಳಿ ಮಹಿಳೆಗಿಂತ 5.2 ಪಟ್ಟು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹೈಸ್ಕೂಲೂ ಮುಗಿಸದ ಬಿಳಿ ಮಹಿಳೆಗೆ ಹೋಲಿಸಿದರೂ 1.6 ಪಟ್ಟು! ಸ್ಕೂಲು ಬಿಟ್ಟ ಬಿಳಿ ಹುಡುಗಿಗೆ ಸಿಗುವ ಭರವಸೆ ಕಾಲೇಜು ಮುಗಿಸಿದ ಕಪ್ಪು ಹುಡುಗಿಗೆ ಇಲ್ಲ. ಓದಿ ಮುಂದೆ ಬಾರಮ್ಮ ಎಂದು ಹೇಳುವ ಮೇಷ್ಟರು ಈ ಒಂದು ಸಾಲನ್ನು ಮಾತ್ರ ಪಾಠದಲ್ಲಿ ಬಿಟ್ಟುಬಿಡುವುದು ಒಳ್ಳೆಯದು.

ಓದಿದ್ದು ಸಾಲದೇನೋ, ಇನ್ನೂ ಓದಬೇಕಿತ್ತೇನೋ ಎನ್ನುವಿರಾ? ಶಲಾನ್ ಇರ್ವಿಂಗ್ ಡಾಕ್ಟರೇಟ್ ಪಡೆದವರು. ಸಿ.ಡಿ.ಸಿ.ಯಲ್ಲೇ ಸಾಂಕ್ರಾಮಿಕ ರೋಗ ಶಾಸ್ತ್ರಜ್ಞೆ. ಸಮಾಜದ ಅಸಮಾನತೆ ಜನರ ಮೈಯಲ್ಲಿ ಹೇಗೆ ಕಾಯಿಲೆಯಾಗಿ ಇಳಿಯುತ್ತದೆ ಎಂಬುದೇ ಅವರ ಅಧ್ಯಯನದ ವಿಷಯ. 2017ರ ಜನವರಿಯಲ್ಲಿ ಹೆಣ್ಣುಮಗು ಹೆತ್ತರು. ಆಮೇಲೆ ತಲೆನೋವು, ಕಾಲು ಊತ, ಏರುತ್ತಿದ್ದ ಬಿ.ಪಿ. ಮತ್ತೆ ಮತ್ತೆ ಡಾಕ್ಟರ ಬಳಿ ಹೋದರು, ಮತ್ತೆ ಮತ್ತೆ ಮನೆಗೆ ಬಂದರು. ಕೊನೆಯ ಸಲ ಬಿ.ಪಿ. ಮಾತ್ರೆ ಬರೆಸಿಕೊಂಡು ಬಂದವರು ಕೆಲವೇ ಗಂಟೆಗಳಲ್ಲಿ ಕುಸಿದು ಬಿದ್ದರು. ಮಗು ಹುಟ್ಟಿ ಮೂರು ವಾರವಾಗಿತ್ತು. ತಾನು ಅಧ್ಯಯನ ಮಾಡುತ್ತಿದ್ದ ವಿಷಯಕ್ಕೆ ತಾನೇ ಒಂದು ಉದಾಹರಣೆಯಾಗಿ ಸೇರಿದರು. ಸಂಶೋಧಕರಿಗೆ ಇದಕ್ಕಿಂತ ಹೆಚ್ಚಿನ ನಿಷ್ಠೆ ಇನ್ನೇನು ಬೇಕು?

ಎರಡನೆಯ ಆರೋಪಿ, ಬಡತನ. ಇದನ್ನು ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಿಸಿದರು. ಹೆರಿಗೆಯ ದಾಖಲೆಗಳನ್ನೂ ಆದಾಯ ತೆರಿಗೆಯ ದಾಖಲೆಗಳನ್ನೂ ಜೋಡಿಸಿ ಅರ್ಥಶಾಸ್ತ್ರಜ್ಞರು ಕೂತು ನೋಡಿದರು. ಅತಿ ಶ್ರೀಮಂತ ಕಪ್ಪು ತಾಯಂದಿರ ಶಿಶುಗಳ ಆರೋಗ್ಯ ಅತಿ ಬಡ ಬಿಳಿ ತಾಯಂದಿರ ಶಿಶುಗಳಿಗಿಂತಲೂ ಕೆಳಗಿತ್ತು. ಅಮೆರಿಕದಲ್ಲಿ ದುಡ್ಡಿಗೆ ಸಿಗದೇ ಇರುವುದು ಯಾವುದೂ ಇಲ್ಲ ಎಂದು ನಾವು ನಂಬಿಕೊಂಡಿದ್ದೆವು. ಒಂದು ವಸ್ತು ಇದೆಯಂತೆ.

ದುಡ್ಡಿನ ಜತೆ ಕೀರ್ತಿಯೂ ಇದ್ದರೆ? ಸೆರೆನಾ ವಿಲಿಯಮ್ಸ್ ಅವರನ್ನೇ ಕೇಳಿ. 2017ರ ಜನವರಿಯಲ್ಲಿ ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡೇ ಆಸ್ಟ್ರೇಲಿಯನ್ ಓಪನ್ ಗೆದ್ದ ಹೆಣ್ಣುಮಗಳು. ಸೆಪ್ಟೆಂಬರಿನಲ್ಲಿ ಫ್ಲಾರಿಡಾದಲ್ಲಿ ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. ಮರುದಿನ ಉಸಿರು ಕಟ್ಟತೊಡಗಿತು. ಹಿಂದೆ 2011ರಲ್ಲಿ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಸಾವಿನ ಬಾಗಿಲು ತಟ್ಟಿ ಬಂದಿದ್ದವರು ಅವರು. ಈ ಉಸಿರುಗಟ್ಟುವಿಕೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಮ್ಮ ತಾಯಿಗೆ ಗಾಬರಿಯಾಗದಿರಲಿ ಎಂದು ಕೋಣೆಯಿಂದ ಆಚೆ ಬಂದು ನರ್ಸನ್ನು ಹಿಡಿದು, ನನಗೆ ಕಾಂಟ್ರಾಸ್ಟ್ ಹಾಕಿ ಸಿ.ಟಿ. ಸ್ಕ್ಯಾನ್ ಮಾಡಿ, ಹೆಪಾರಿನ್ ಡ್ರಿಪ್ ಹಚ್ಚಿ ಎಂದರು. ಕಾಯಿಲೆಯ ಹೆಸರು ರೋಗಿಯೇ ಹೇಳಿದಳು, ಪರೀಕ್ಷೆಯ ಹೆಸರೂ ಹೇಳಿದಳು, ಮದ್ದಿನ ಹೆಸರೂ ಹೇಳಿದಳು. ಇನ್ನು ಆಸ್ಪತ್ರೆಯವರಿಗೆ ಉಳಿದಿದ್ದು ಎದ್ದು ನಡೆಯುವ ಕೆಲಸ ಮಾತ್ರ. ನರ್ಸಿಗೆ ಮಾತ್ರ, ನೋವಿನ ಮಾತ್ರೆಯಿಂದ ಈಯಮ್ಮನಿಗೆ ತಲೆ ಮಂಕಾಗಿರಬೇಕು ಅನ್ನಿಸಿತು. ಡಾಕ್ಟರು ಬಂದು ಕಾಲಿಗೆ ಅಲ್ಟ್ರಾಸೌಂಡ್ ಮಾಡಿದರು. ಶ್ವಾಸಕೋಶ ಕಾಲಿನಲ್ಲಿ ಇಲ್ಲದ್ದರಿಂದ ಅಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು, ಹೆಪಾರಿನ್ ಹಚ್ಚಿದರು. ಕೆಮ್ಮಿ ಕೆಮ್ಮಿ ಹೊಲಿಗೆ ಬಿಟ್ಟುಕೊಂಡು ಮತ್ತೆ ಆಪರೇಷನ್ ಆಯಿತು. ಹಠಕ್ಕೆ ಬಿದ್ದವರು ಸೆರೆನಾ ಆದ್ದರಿಂದ ಬದುಕಿದರು. ಇಪ್ಪತ್ತಮೂರು ಗ್ರ್ಯಾಂಡ್ ಸ್ಲಾಮ್ ಇದ್ದರೆ ಎರಡನೆಯ ಸಲ ಹೇಳಿದಾಗ ಕೇಳಿಸಿಕೊಳ್ಳುತ್ತಾರೆ ಎಂದಾಯಿತು. ವಾಲ್‌ಮಾರ್ಟಿನಲ್ಲಿ ಬಿಲ್ ಹಾಕುವ ಹುಡುಗಿ ಎಷ್ಟು ಸಲ ಹೇಳಬೇಕು ಎಂಬ ದರಪಟ್ಟಿಯನ್ನು ಯಾರೂ ಗೋಡೆಗೆ ಅಂಟಿಸಿಲ್ಲ.

ಮೂರನೆಯ ಆರೋಪಿ, ಮೈಭಾರ. ದಪ್ಪಗಿರುತ್ತಾರೆ, ಕರಿದದ್ದು ತಿನ್ನುತ್ತಾರೆ, ವ್ಯಾಯಾಮವಿಲ್ಲ ಎಂಬ ಆರೋಪ ಇದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ 4x100 ರಿಲೇ ಚಿನ್ನ ತಂದ ನಾಲ್ವರು ಓಟಗಾರ್ತಿಯರನ್ನು ಸಾಕ್ಷಿಗೆ ಕರೆಯೋಣ. ಅಲಿಸನ್ ಫೀಲಿಕ್ಸ್ ಅವರಿಗೆ 2018ರಲ್ಲಿ ಬಸುರಿನಲ್ಲೇ ಬಿ.ಪಿ. ವಿಪರೀತ ಏರಿ, 32 ವಾರಕ್ಕೇ ತುರ್ತು ಸಿಸೇರಿಯನ್ ಆಯಿತು. ಟಿಯಾನಾ ಬಾರ್ಟೊಲೆಟಾ ಅವರಿಗೆ 26 ವಾರಕ್ಕೇ ನೋವು ಬಂತು. ಟೋರಿ ಬೋವಿ, 2017ರಲ್ಲಿ ಲಂಡನ್ನಿನಲ್ಲಿ 100 ಮೀಟರಿನ ವಿಶ್ವ ಚಾಂಪಿಯನ್ ಆದವರು, 2023ರಲ್ಲಿ ಎಂಟು ತಿಂಗಳ ಬಸುರಿ, ಫ್ಲಾರಿಡಾದ ತಮ್ಮ ಮನೆಯಲ್ಲಿ ಒಬ್ಬರೇ ಸತ್ತುಬಿದ್ದಿದ್ದರು. ವಯಸ್ಸು 32. ಬಸುರಿನ ನಂಜು, ಅಂದರೆ ಎಕ್ಲಾಂಪ್ಸಿಯಾ ಕಾರಣವಿರಬಹುದು ಎಂದಿತು ಮರಣೋತ್ತರ ವರದಿ. ನಾಲ್ವರಲ್ಲಿ ಮೂವರು! ಜಗತ್ತಿನಲ್ಲಿ ಇವರಿಗಿಂತ ಗಟ್ಟಿಮುಟ್ಟಾದ ಮೈ ಬೇಕೆಂದರೆ ಬ್ರಹ್ಮನಿಗೇ ಹೊಸದಾಗಿ ಟೆಂಡರ್ ಕರೆಯಬೇಕು.

ನಾಲ್ಕನೆಯ ಆರೋಪಿ, ರಕ್ತ. ಹುಟ್ಟಿನಿಂದಲೇ ಅವರ ದೇಹ ಹಾಗಂತೆ, ವಂಶವಾಹಿಯೇ ಹಾಗಂತೆ. ಈ ಆರೋಪಿಯ ಮೇಲೆ ಎಲ್ಲರಿಗೂ ಒಲವು, ಯಾಕೆಂದರೆ ಇವನಿಗೆ ಶಿಕ್ಷೆಯಾದರೆ ಮಿಕ್ಕವರೆಲ್ಲ ಕೈ ತೊಳೆದುಕೊಂಡು ಊಟಕ್ಕೆ ಏಳಬಹುದು. ರಿಚರ್ಡ್ ಡೇವಿಡ್ ಮತ್ತು ಜೇಮ್ಸ್ ಕಾಲಿನ್ಸ್ ಎಂಬ ಶಿಶುವೈದ್ಯರು 1997ರಲ್ಲಿ ಇಲಿನಾಯ್ ರಾಜ್ಯದ ಜನನ ದಾಖಲೆ ತೆಗೆದು ನೋಡಿದರು. ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಪ್ಪು ತಾಯಂದಿರ ಮಕ್ಕಳ ತೂಕ, ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರ ಮಕ್ಕಳ ತೂಕಕ್ಕಿಂತ ಬಿಳಿಯರ ಮಕ್ಕಳ ತೂಕಕ್ಕೇ ಹತ್ತಿರವಿತ್ತು. ರಕ್ತವೇ ಕಾರಣವಾಗಿದ್ದರೆ ನೇರ ಆಫ್ರಿಕಾದಿಂದ ಬಂದವರ ಮಕ್ಕಳೇ ಎಲ್ಲರಿಗಿಂತ ಕೃಶವಾಗಿರಬೇಕಿತ್ತು. ಆಮೇಲಿನ ಅಧ್ಯಯನದಲ್ಲಿ ಇನ್ನೊಂದು ತಮಾಷೆ ಹೊರಬಿತ್ತು. ಈ ವಲಸಿಗರ ಹೆಣ್ಣುಮಕ್ಕಳು ಅಮೆರಿಕದಲ್ಲಿ ಬೆಳೆದು ಹೆತ್ತಾಗ ಅವರ ಮಕ್ಕಳ ತೂಕ ಇಳಿಯಿತು. ಸಾಮಾನ್ಯವಾಗಿ ಅಮೆರಿಕಕ್ಕೆ ಹೋದವರೆಲ್ಲ ಒಂದೇ ತಲೆಮಾರಿಗೆ ದಪ್ಪವಾಗುತ್ತಾರೆ. ಇವರ ಕೂಸುಗಳು ಮಾತ್ರ ಸಣ್ಣಗಾದವು.

ಆರೋಪಿಗಳೆಲ್ಲ ಖುಲಾಸೆ. ಉಳಿದವನು ಒಬ್ಬನೇ, ಫಿರ್ಯಾದಿಯ ಪಕ್ಕದಲ್ಲಿ ಕೋಟು ಹಾಕಿಕೊಂಡು ಕೂತ ದೇಶ. ಆರ್ಲೀನ್ ಜೆರೋನಿಮಸ್ ಎಂಬ ವಿದುಷಿ 1992ರಲ್ಲೇ ಇದನ್ನು ‘ಸವೆತ’ ಎಂದು ಕರೆದರು. ಹುಟ್ಟಿದಾಗಿನಿಂದ ಅನುಮಾನ, ಅವಮಾನ, ಬಾಡಿಗೆಗೆ ಮನೆ ಸಿಗದಿರುವುದು, ಕೆಲಸ ಸಿಗದಿರುವುದು, ಪೊಲೀಸರ ಭಯ, ಇವೆಲ್ಲ ಸೇರಿ ಮೈಯನ್ನು ವಯಸ್ಸಿಗೆ ಮುಂಚೆಯೇ ತೇಯುತ್ತವೆ ಎಂದರು. ಆ ತೇದ ಮೈ ಹೊತ್ತು ಆಸ್ಪತ್ರೆಗೆ ಹೋದರೆ ಅಲ್ಲಿ ಏನು ಕಾದಿರುತ್ತದೆ? ಅದಕ್ಕೂ ಒಂದು ಘನವಾದ ಪರಂಪರೆಯೇ ಇದೆ.

ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎಂದು ಅಮೆರಿಕ ಬಹುಕಾಲ ಪೂಜಿಸಿದ್ದು ಜೆ. ಮೇರಿಯನ್ ಸಿಮ್ಸ್ ಎಂಬವನನ್ನು. 1840ರ ದಶಕದಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಈತ ಗುಲಾಮ ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಕತ್ತರಿ ಆಡಿಸಿ ವಿದ್ಯೆ ಕಲಿತ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ನಮಗೆ ಉಳಿದಿವೆ. ಅನಾರ್ಕಾಳ ಮೇಲೆ ಮೂವತ್ತು ಸಲ. ಒಪ್ಪಿಗೆ ಕೊಟ್ಟಿದ್ದರೇ ಎಂದು ಕೇಳಬೇಡಿ. ಗುಲಾಮರ ಒಪ್ಪಿಗೆಯನ್ನು ಮಾಲೀಕರು ಕೊಡುತ್ತಿದ್ದ ಕಾಲ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಇವನ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ಇಳಿಸಿದರು. ಪ್ರತಿಮೆ ಇಳಿಸಲು ಒಂದು ಕ್ರೇನ್ ಸಾಕು. ತಲೆಯೊಳಗೆ ನಿಂತದ್ದನ್ನು ಇಳಿಸುವ ಕ್ರೇನ್ ಇನ್ನೂ ಬಂದಿಲ್ಲ.

ಉತ್ಪ್ರೇಕ್ಷೆ ಎನ್ನುವಿರಾದರೆ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 222 ಮಂದಿ ಬಿಳಿ ವೈದ್ಯ ವಿದ್ಯಾರ್ಥಿಗಳನ್ನೂ ತರಬೇತಿಯಲ್ಲಿದ್ದ ಕಿರಿಯ ಡಾಕ್ಟರುಗಳನ್ನೂ ಕೇಳಿದರು. ಕಪ್ಪು ಜನರ ಚರ್ಮ ದಪ್ಪ, ಅವರ ನರ ಅಷ್ಟು ಚುರುಕಲ್ಲ, ಅವರ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಎಂಬಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಅವರಲ್ಲಿ ಅರ್ಧದಷ್ಟು ಜನ ಹೌದೆಂದು ಒಪ್ಪಿದ್ದರು. ಹಾಗೆ ಒಪ್ಪಿದವರು ಕಪ್ಪು ರೋಗಿಯ ನೋವನ್ನೂ ಕಡಿಮೆ ಎಂದೇ ಅಳೆದರು. ಅಂಗರಚನಾ ಶಾಸ್ತ್ರದ ಪುಸ್ತಕ ಕೊಳ್ಳಲು ಲಕ್ಷಾಂತರ ಸಾಲ ಮಾಡಿದವರು ಇವರು. ಅಜ್ಜನ ಕಾಲದ ಪಾಠ ಮಾತ್ರ ಪುಕ್ಕಟೆಯಾಗಿ ಬಂದಿತ್ತು.

ಮನುಷ್ಯರದ್ದು ಬಿಡಿ, ಯಂತ್ರಕ್ಕೂ ಇದೇ ಪಾಠ ಹೇಳಿಕೊಟ್ಟಿದ್ದರು. ಮೊದಲ ಹೆರಿಗೆ ಸಿಸೇರಿಯನ್ ಆದವಳಿಗೆ ಎರಡನೆಯದು ಸಹಜವಾಗಿ ಆದೀತೇ ಎಂದು ಅಂದಾಜು ಮಾಡಲು ಅಮೆರಿಕದ ಆಸ್ಪತ್ರೆಗಳಲ್ಲಿ ಒಂದು ಕ್ಯಾಲ್ಕುಲೇಟರ್ ಇತ್ತು. ವಯಸ್ಸು, ತೂಕ, ಎತ್ತರ ಕೇಳಿದ ಮೇಲೆ ಅದು ಕೇಳುತ್ತಿತ್ತು: ಆಫ್ರಿಕನ್ ಅಮೆರಿಕನ್ನೇ? ಹೌದು ಎಂದು ಒತ್ತಿದರೆ ಸಹಜ ಹೆರಿಗೆಯ ಅಂದಾಜು ತಾನಾಗಿ ಇಳಿಯುತ್ತಿತ್ತು. ಅಂದಾಜು ಇಳಿದರೆ ಡಾಕ್ಟರು ಚಾಕು ಹಿಡಿಯುತ್ತಾರೆ, ಚಾಕು ಹಿಡಿದರೆ ರಕ್ತಸ್ರಾವ, ನಂಜು, ಹೆಪ್ಪುಗಟ್ಟುವಿಕೆಯ ಅಪಾಯ ಏರುತ್ತದೆ, ಅಪಾಯ ಏರಿದರೆ ನೋಡಿ ಕಪ್ಪು ಹೆಂಗಸರಿಗೆ ಹೆರಿಗೆ ಕಷ್ಟ ಎಂದು ಮುಂದಿನ ಕ್ಯಾಲ್ಕುಲೇಟರಿಗೆ ಅಂಕಿ ಅಂಶ ಸಿಗುತ್ತದೆ. ಆ ಪ್ರಶ್ನೆಯನ್ನು ಕಿತ್ತು ಹಾಕಿದ್ದು 2021ರಲ್ಲಿ.

ಇನ್ನು ಮನೆಗೆ ಬಂದು ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯರ ಕತೆ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಆಸ್ಪತ್ರೆಗಳು ಕಪ್ಪು ಬಸುರಿಯರನ್ನು ಒಳಗೆ ಬಿಡದ ಕಾಲದಲ್ಲಿ ಇವರೇ ದೇವರು. ಅಲಬಾಮಾದ ಗ್ರೀನ್ ಕೌಂಟಿಯ ಮಾರ್ಗರೆಟ್ ಚಾರ್ಲ್ಸ್ ಸ್ಮಿತ್ ಒಬ್ಬರೇ ಮೂರು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 1921ರಿಂದ ಇವರಿಗೆ ಲೈಸೆನ್ಸು, ತಪಾಸಣೆ, ನಿಯಮಗಳ ಕಾಟ ಶುರುವಾಯಿತು. ಕೊಳಕರು, ಮೂಢರು ಎಂಬ ಬಿರುದೂ ಸಿಕ್ಕಿತು. 1976ರಲ್ಲಿ ಅಲಬಾಮಾ ಅವರ ವೃತ್ತಿಯನ್ನೇ ಕಾನೂನುಬಾಹಿರ ಮಾಡಿತು. ಈಗ ದೇಶಕ್ಕೆ ಜ್ಞಾನೋದಯವಾಗಿದೆ. ಹೆರುವವಳ ಪಕ್ಕ ಅವಳದೇ ಊರಿನ, ಅವಳ ಮಾತು ತಿಳಿಯುವ ಒಬ್ಬ ಹೆಂಗಸು ಕೈ ಹಿಡಿದು ಕೂತರೆ ಹೆರಿಗೆ ಸಲೀಸು ಎಂದು ಸಂಶೋಧನೆ ಹೇಳುತ್ತಿದೆಯಂತೆ. ಆ ಹೆಂಗಸಿಗೆ ಡೂಲಾ ಎಂದು ಹೆಸರಿಟ್ಟು, ಕೋರ್ಸು ಮಾಡಿ, ಸರ್ಟಿಫಿಕೇಟು ಕೊಟ್ಟು, ಸರ್ಕಾರಿ ವಿಮೆಯಿಂದ ಅವಳಿಗೆ ಎಷ್ಟು ಡಾಲರ್ ಕೊಡಬೇಕೆಂದು ರಾಜ್ಯಗಳು ಒಂದೊಂದಾಗಿ ಚೌಕಾಸಿ ಮಾಡುತ್ತಿವೆ. ಅಜ್ಜಿಯನ್ನು ಓಡಿಸಿ ಮೊಮ್ಮಗಳಿಗೆ ಸಂದರ್ಶನ ಮಾಡಿದಂತಾಯಿತು.

ಹಾಗಂತ ಅಮೆರಿಕ ಕೈಕಟ್ಟಿ ಕೂತಿದೆ ಎಂದುಕೊಂಡರೆ ಅನ್ಯಾಯವಾದೀತು. ಅಲ್ಲಿ ಈ ವಿಷಯಕ್ಕೆ ಒಂದು ಸಪ್ತಾಹವೇ ಇದೆ, ಪ್ರತಿ ವರ್ಷ ಏಪ್ರಿಲ್ 11ರಿಂದ 17. ಕಪ್ಪು ಮಹಿಳೆಯರ ಸಂಘಟನೆಗಳೇ 2018ರಲ್ಲಿ ಹೋರಾಡಿ ಶುರು ಮಾಡಿದ್ದು. ಅವರ ಉದ್ದೇಶ ಪ್ರಾಮಾಣಿಕವಾದದ್ದು. ಸಪ್ತಾಹಕ್ಕೆ ಶುಭ ಕೋರುವ ಸಂಸ್ಥೆಗಳದ್ದೇ ತೊಂದರೆ. ಏಳು ದಿನ ಬ್ಯಾನರು, ಭಾಷಣ, ಫೋಟೊ. ಏಪ್ರಿಲ್ 18ರಿಂದ ವಾರ್ಡಿನಲ್ಲಿ ಯಥಾಪ್ರಕಾರ. ಕ್ಯಾಲಿಫೋರ್ನಿಯಾ 2019ರಲ್ಲಿ ಹೆರಿಗೆ ವಿಭಾಗದ ಸಿಬ್ಬಂದಿಗೆಲ್ಲ ಪೂರ್ವಗ್ರಹ ನಿವಾರಣೆಯ ತರಬೇತಿ ಕಡ್ಡಾಯ ಎಂದು ಕಾನೂನು ತಂದಿತು. ರಾಜ್ಯದ ಅಟಾರ್ನಿ ಜನರಲ್ ಕಚೇರಿ ಏನಾಯಿತು ಎಂದು ವಿಚಾರಿಸುವವರೆಗೆ ಹೆಚ್ಚಿನ ಆಸ್ಪತ್ರೆಗಳು ತರಬೇತಿ ಶುರುವನ್ನೇ ಮಾಡಿರಲಿಲ್ಲ. ವಾಷಿಂಗ್ಟನ್ನಿನಲ್ಲಿ ಲಾರೆನ್ ಅಂಡರ್‌ವುಡ್, ಆಲ್ಮಾ ಆಡಮ್ಸ್, ಆಗ ಸೆನೆಟರ್ ಆಗಿದ್ದ ಕಮಲಾ ಹ್ಯಾರಿಸ್ ಸೇರಿ 2020ರಲ್ಲಿ ‘ಮಾಮ್ನಿಬಸ್’ ಎಂಬ ಮಸೂದೆಗಳ ಕಟ್ಟನ್ನೇ ಮಂಡಿಸಿದರು. ಮತ್ತೆ 2021ರಲ್ಲಿ, ಮತ್ತೆ 2023ರಲ್ಲಿ. ಆ ಕಟ್ಟಿನಿಂದ ಜಾರಿ ಕಾನೂನಾಗಿ ಹೊರಬಂದದ್ದು ಒಂದೇ ಒಂದು, ಸೇನೆಯಲ್ಲಿ ದುಡಿದ ತಾಯಂದಿರಿಗೆ ಸಂಬಂಧಿಸಿದ್ದು. ಮಿಕ್ಕವರು ಬಸುರಾಗುವ ಮುಂಚೆ ಸೈನ್ಯಕ್ಕೆ ಸೇರಿ ಬರುವುದು ಕ್ಷೇಮ.

ಬಡವರ ಸರ್ಕಾರಿ ವಿಮೆ ಮೆಡಿಕೇಡ್‌ನದು ಇನ್ನೊಂದು ಸೊಗಸು. ಬಹುಕಾಲ ಅದು ಹೆರಿಗೆಯ ನಂತರ 60 ದಿನಕ್ಕೆ ಮುಗಿಯುತ್ತಿತ್ತು. ಸಿ.ಡಿ.ಸಿ. ಲೆಕ್ಕದ ಪ್ರಕಾರ ಬಸುರು ಬಾಣಂತನದ ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚು ಆಗುವುದು ಹೆರಿಗೆಯಾಗಿ ಒಂದು ವಾರದಿಂದ ಒಂದು ವರ್ಷದ ನಡುವೆ. ಅರವತ್ತೊಂದನೆಯ ದಿನ ಬೆಳಿಗ್ಗೆ ಬಾಣಂತಿ ಮೈಕೊಡವಿ ಎದ್ದು ಆರೋಗ್ಯವಂತಳಾಗಬೇಕು ಎಂಬುದು ಸರ್ಕಾರದ ಅಪೇಕ್ಷೆಯಾಗಿತ್ತು. ವಿಮೆಯನ್ನು ಒಂದು ವರ್ಷಕ್ಕೆ ಏರಿಸಲು 2021ರ ಕಾನೂನು ದಾರಿ ಮಾಡಿಕೊಟ್ಟ ಮೇಲೆ ಬಹುತೇಕ ರಾಜ್ಯಗಳು ಏರಿಸಿವೆ. ಮಾಡಿದ ಒಳ್ಳೆಯದನ್ನು ಒಳ್ಳೆಯದು ಎನ್ನಲೇಬೇಕು. ಅರ್ಧ ಶತಮಾನದಷ್ಟೇ ತಡವಾಯಿತು.

ನಿಜವಾದ ಜಾಣತನ ಶುರುವಾಗುವುದು ಇನ್ನು ಮುಂದೆ. 2016ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನ ಹೆಸರಾಂತ ಆಸ್ಪತ್ರೆಯಲ್ಲಿ ಕಿರಾ ಜಾನ್ಸನ್ ಎಂಬ ತಾಯಿಗೆ ಮಧ್ಯಾಹ್ನ ಸಿಸೇರಿಯನ್ ಆಯಿತು. ಸಂಜೆಯ ಹೊತ್ತಿಗೆ ಮೂತ್ರದ ಚೀಲದಲ್ಲಿ ರಕ್ತ ಕಂಡದ್ದು ಡಾಕ್ಟರಿಗಲ್ಲ, ಗಂಡ ಚಾರ್ಲ್ಸ್ ಜಾನ್ಸನ್‌ಗೆ. ಸ್ಕ್ಯಾನ್ ಬರೆದರು, ಮಾಡಲಿಲ್ಲ. ಬೇಡಿಕೊಂಡಾಗ, ಸದ್ಯಕ್ಕೆ ನಿಮ್ಮ ಹೆಂಡತಿಯ ಸರದಿ ಅಲ್ಲ ಎಂಬರ್ಥದ ಉತ್ತರ ಬಂತೆಂದು ಆತ ಮುಂದೆ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ಹೇಳಿದರು. ಆಪರೇಷನ್ ಕೋಣೆಗೆ ಒಯ್ದಾಗ ಮಧ್ಯರಾತ್ರಿ ದಾಟಿತ್ತು. ಹೊಟ್ಟೆಯಲ್ಲಿ ಮೂರು ಲೀಟರಿನಷ್ಟು ರಕ್ತ ನಿಂತಿತ್ತು. ಆಕೆ ಬದುಕಲಿಲ್ಲ. ಇಂಥ ಸಾಕ್ಷಿಗಳನ್ನು ಕೇಳಿ 2018ರ ಡಿಸೆಂಬರಿನಲ್ಲಿ ಒಂದು ಕಾನೂನು ಬಂತು. ಪ್ರತಿ ರಾಜ್ಯದಲ್ಲೂ ತಜ್ಞರ ಸಮಿತಿ ಕೂತು ಪ್ರತಿ ತಾಯಿಯ ಸಾವನ್ನೂ ಪರಿಶೀಲಿಸಲಿ, ಎಲ್ಲಿ ತಪ್ಪಾಯಿತು ಬರೆಯಲಿ, ಅದಕ್ಕೆ ಕೇಂದ್ರ ಹಣ ಕೊಡುತ್ತದೆ ಎಂದು. ಸಮಿತಿಗಳು ಬರೆದವು. 2017ರಿಂದ 2019ರವರೆಗಿನ ಇಂಥ ಸಾವುಗಳಲ್ಲಿ ಶೇ 84ರಷ್ಟನ್ನು ತಪ್ಪಿಸಬಹುದಿತ್ತು ಎಂಬುದು ಅವರ ತೀರ್ಮಾನ.

ಈ ತೀರ್ಮಾನ ಹಲವರಿಗೆ ಹಿಡಿಸಲಿಲ್ಲ. 2023ರ ಜುಲೈಯಲ್ಲಿ ಐಡಹೊ ರಾಜ್ಯ ತನ್ನ ಸಮಿತಿಯನ್ನೇ ಮುಗಿಸಿಬಿಟ್ಟಿತು. ಮರುವರ್ಷ ನಾಚಿಕೆಯಾಗಿ ಮತ್ತೆ ಎಬ್ಬಿಸಿತು. ಜಾರ್ಜಿಯಾದಲ್ಲಿ ಅಂಬರ್ ಥರ್ಮನ್ ಎಂಬ 28 ವರ್ಷದ ತಾಯಿಗೆ 2022ರ ಆಗಸ್ಟಿನಲ್ಲಿ ಗರ್ಭಪಾತದ ಬಳಿಕ ಗರ್ಭಕೋಶದಲ್ಲಿ ಅಂಶ ಉಳಿದು ನಂಜೇರಿತು. ಕೆಲವು ನಿಮಿಷಗಳಲ್ಲಿ ಮುಗಿಯುವ ಗರ್ಭಕೋಶ ಸ್ವಚ್ಛಗೊಳಿಸುವ ಕೆಲಸಕ್ಕೆ ಆಸ್ಪತ್ರೆ ಸುಮಾರು 20 ಗಂಟೆ ತೆಗೆದುಕೊಂಡಿತು. ಆಕೆ ಆಪರೇಷನ್ ಟೇಬಲ್ಲಿನ ಮೇಲೆ ತೀರಿಕೊಂಡರು. ತಪ್ಪಿಸಬಹುದಾಗಿದ್ದ ಸಾವು ಎಂದು ರಾಜ್ಯದ ಸಮಿತಿಯೇ ಹೇಳಿತು. ಆ ಮಾತು 2024ರಲ್ಲಿ ಪತ್ರಿಕೆಗೆ ಸಿಕ್ಕಿತು. ಸರ್ಕಾರ ತಕ್ಷಣ ಕಾರ್ಯಪ್ರವೃತ್ತವಾಯಿತು. ಗುಟ್ಟು ಹೊರಗೆ ಬಿಟ್ಟವರು ಯಾರೆಂದು ಗೊತ್ತಾಗದ್ದರಿಂದ ನವೆಂಬರಿನಲ್ಲಿ ಸಮಿತಿಯ ಎಲ್ಲ ಸದಸ್ಯರನ್ನೂ ಮನೆಗೆ ಕಳಿಸಿತು. ನೋಡಿ, ಜಾರ್ಜಿಯಾಕ್ಕೆ ಚುರುಕಾಗಿ ಓಡಲು ಬರುವುದಿಲ್ಲ ಎಂದವರು ಯಾರು? ಟೆಕ್ಸಸ್ ಸಮಿತಿ 2022 ಮತ್ತು 2023ರ ಸಾವುಗಳನ್ನು ಪರಿಶೀಲಿಸುವುದೇ ಇಲ್ಲ, ನೇರ 2024ಕ್ಕೆ ಜಿಗಿಯುತ್ತೇವೆ ಎಂದಿತು. ಗರ್ಭಪಾತ ನಿಷೇಧದ ಮೊದಲೆರಡು ವರ್ಷಗಳೇ ಅವು ಎಂಬುದು ಕಾಕತಾಳೀಯ. 2025ರ ಏಪ್ರಿಲ್‌ನಲ್ಲಿ ಸಿ.ಡಿ.ಸಿ.ಯೊಳಗೆ 1987ರಿಂದ ಬಾಣಂತಿಯರನ್ನೇ ಕೇಳಿ ಮಾಹಿತಿ ಕೂಡಿಸುತ್ತಿದ್ದ ‘ಪ್ರಾಮ್ಸ್’ ಸಮೀಕ್ಷೆಯ ತಂಡವನ್ನೂ ಕೆಲಸದಿಂದ ಇಳಿಸಲಾಯಿತು.

ನಮ್ಮ ಕಡೆಯ ಅಜ್ಜಿಯೊಬ್ಬಳು, ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗುವುದೇ ಇಲ್ಲ ಎಂದು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟಿದ್ದಳಲ್ಲ, ಈ ರಾಜ್ಯಗಳು ಅವಳಿಗಿಂತ ಒಂದು ಹೆಜ್ಜೆ ಮುಂದೆ. ಹುಂಜದ ಕತ್ತನ್ನೇ ಹಿಸುಕಿವೆ. ಅಜ್ಜಿಯದ್ದು ಬರೀ ಜಂಬ, ಇವರದ್ದು ಆಡಳಿತ.

ಇದು ಅಮೆರಿಕದ ಕತೆ, ನಮಗೇನು ಎನ್ನುವವರು ಬೆಳಗಾವಿಯ ಸವಿತಾ ಹಾಲಪ್ಪನವರ ಅವರನ್ನು ನೆನೆಯಿರಿ. ದಂತವೈದ್ಯೆ, ವಯಸ್ಸು 31. 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೆ ನಗರದಲ್ಲಿ, 17 ವಾರದ ಬಸುರು ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೆ, ತೆಗೆದುಬಿಡಿ ಎಂದು ಕೇಳಿಕೊಂಡರು. ಇದು ಕ್ಯಾಥೊಲಿಕ್ ದೇಶ ಎಂಬ ಸಮಜಾಯಿಷಿ ಸಿಕ್ಕಿತು. ನಂಜೇರಿ ಸತ್ತರು. ಅವರು ಪರದೇಶದ ಹೆಣ್ಣುಮಗಳು, ಅವರೂ ವೈದ್ಯಕೀಯ ಓದಿದವರು, ಅವರೂ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದರು. ಆದರೆ ಐರ್ಲೆಂಡ್ ಸವಿತಾರನ್ನು ಲೆಕ್ಕದಿಂದ ಕಳೆಯಲಿಲ್ಲ. ಒಂದರ ಮೇಲೊಂದು ವಿಚಾರಣೆ ನಡೆಸಿತು. ಅವರನ್ನು ಉಳಿಸಿಕೊಳ್ಳಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದ್ದವು ಎಂದು ಅಲ್ಲಿನ ಸರ್ಕಾರಿ ಸಂಸ್ಥೆಯೇ ಎಣಿಸಿ ಬರೆಯಿತು. 2018ರಲ್ಲಿ ಜನ ಮತ ಹಾಕಿ ಸಂವಿಧಾನವನ್ನೇ ತಿದ್ದಿದರು. ಐರ್ಲೆಂಡಿಗೆ ಒಂದು ಸಾವು ಸಾಕಾಯಿತು.

ಏನು ಮಾಡಬೇಕೆಂದು ಗೊತ್ತಿಲ್ಲದೆ ಅಮೆರಿಕ ಕೂತಿದೆಯೇ? ಅದೂ ಸುಳ್ಳು. ಕ್ಯಾಲಿಫೋರ್ನಿಯಾದ ವೈದ್ಯರು 2006ರಲ್ಲಿ ಒಟ್ಟಾದರು, ಆಮೇಲೆ ಹೆರಿಗೆ ಕೋಣೆಗಳಿಗೆ ಒಂದು ಸರಳ ಕ್ರಮ ಬರೆದುಕೊಟ್ಟರು. ರಕ್ತಸ್ರಾವಕ್ಕೆ ಬೇಕಾದ ಮದ್ದು, ಸಲಕರಣೆ ಎಲ್ಲ ಒಂದೇ ತಳ್ಳುಗಾಡಿಯಲ್ಲಿ ಸಿದ್ಧವಿರಲಿ. ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜು ಮಾಡಬೇಡಿ, ನೆನೆದ ಬಟ್ಟೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿ. ಬಿ.ಪಿ. ಇಷ್ಟು ದಾಟಿದರೆ ಇಷ್ಟು ಹೊತ್ತಿನೊಳಗೆ ಮದ್ದು ಕೊಡಿ. ಏಳೇ ವರ್ಷಗಳಲ್ಲಿ ಆ ರಾಜ್ಯದ ತಾಯಂದಿರ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಕಪ್ಪು ಬಿಳಿ ಅಂತರ ಅಷ್ಟರಿಂದಲೇ ಅಳಿಯಲಿಲ್ಲ, ನಿಜ. ಆದರೆ ಈ ರಕ್ತಸ್ರಾವದ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ ಆಸ್ಪತ್ರೆಗಳಲ್ಲಿ ಅಂತರವೂ ಕಿರಿದಾಯಿತು. ತಕ್ಕಡಿಗೆ ಯಾರ ರಕ್ತ ಎಂದು ತಿಳಿಯುವುದಿಲ್ಲ, ಅದೇ ಅದರ ದೊಡ್ಡ ಗುಣ. ಮನುಷ್ಯನ ಅಂದಾಜಿಗೆ ಬಿಟ್ಟಲ್ಲೆಲ್ಲ ಪೂರ್ವಗ್ರಹ ನುಗ್ಗುತ್ತದೆ, ಅಳತೆಗೆ ಒಪ್ಪಿಸಿದಲ್ಲಿ ಅದಕ್ಕೆ ಜಾಗ ಕಡಿಮೆ. ಬಾಣಂತಿಗೆ ಮನೆಯಲ್ಲಿಟ್ಟುಕೊಳ್ಳಲು ಒಂದು ಬಿ.ಪಿ. ಯಂತ್ರ, ವರ್ಷದ ವಿಮೆ, ಪಕ್ಕದಲ್ಲಿ ಒಬ್ಬ ಸೂಲಗಿತ್ತಿ, ಸತ್ತವರ ಲೆಕ್ಕ ಬರೆಯುವ ಒಂದು ಸಮಿತಿ. ಇದರಲ್ಲಿ ರಾಕೆಟ್ ಯಾವುದಿದೆ?

ಅಮೆರಿಕದ ಆಸ್ಪತ್ರೆಗಳಲ್ಲಿ ಬಿಳಿ ಕೋಟು ಹಾಕಿದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ರಾಜ್ಯೋತ್ಸವಕ್ಕೆ ಸೇರುತ್ತಾರೆ, ಸಮ್ಮೇಳನಕ್ಕೆ ದೇಣಿಗೆ ಕೊಡುತ್ತಾರೆ, ಊರಿಗೆ ಬಂದಾಗ ಅಲ್ಲಿನ ಶಿಸ್ತಿನ ಬಗ್ಗೆ ನಮಗೆ ಪಾಠ ಹೇಳುತ್ತಾರೆ. ಅವರಿಗೆ ಒಂದೇ ಮಾತು. ಡಾಕ್ಟರೇ, ಸೆನೆಟ್ ಮಸೂದೆ ಪಾಸು ಮಾಡುವವರೆಗೆ ನೀವು ಕಾಯಬೇಕಾಗಿಲ್ಲ. ಇವತ್ತು ರಾತ್ರಿಯ ಪಾಳಿಯಲ್ಲಿ ಒಬ್ಬ ಕಪ್ಪು ಬಾಣಂತಿ, ತಲೆ ಸಿಡಿಯುತ್ತಿದೆ, ಉಸಿರು ಸಿಗುತ್ತಿಲ್ಲ ಎಂದರೆ, ಅವಳ ಮಾತನ್ನು ಪೂರ್ತಿ ಕೇಳಿ, ನಂಬಿ, ಆಗಲೇ ಪರೀಕ್ಷೆ ಮಾಡಿಸಿ. ಏನೂ ಇಲ್ಲ ಎಂದಾದರೆ ವಿಮೆ ಕಂಪನಿಗೆ ಒಂದು ಸ್ಕ್ಯಾನಿನ ಖರ್ಚು ಬೀಳುತ್ತದೆ. ಬೀಳಲಿ ಬಿಡಿ, ಅವರಿಗೆ ಅಭ್ಯಾಸವಿದೆ.